ಗುಡ್ಡದ ಮೇಲಿನ ಮನೆ, ಗೆರೆಜಾನಿಯ ಒಲೆ

ಜೂನ್ 10, ಸೋಮವಾರ

ಇವತ್ತು ಐದು ಕಡೆ ಕೂತೆ. ಮನೆ ಬಾಗಿಲಿಂದ ಬಸ್ ನಿಲ್ದಾಣಕ್ಕೆ ಹೋಗೋದ್ರಲ್ಲಿ ಐದು ಕಡೆ! ಮೊದಲು ನಮ್ಮ ಬ್ಲಾಕಿನ ಕೆಳಗಿನ ಕಟ್ಟೆ, ಆಮೇಲೆ ಟೈಲರ್ ಅಂಗಡಿ ಮೆಟ್ಟಿಲು, ನಲ್ಲಿ ಹತ್ತಿರದ ಕಲ್ಲು, ಮಸೀದಿ ಗೋಡೆ, ಕೊನೆಗೆ ಮೇಲ್ಸೇತುವೆ ಹತ್ತೋ ಮುಂಚೆ ರೀಚಾರ್ಜ್ ಮಾಡೋ ಹುಡುಗಿಯ ಸ್ಟೂಲು. ಪಾಪ, ಎದ್ದು ನಿಂತು ಜಾಗ ಕೊಟ್ಟಳು. ಆದರೆ ನಾನು ಕೂತಿದ್ದಷ್ಟು ಹೊತ್ತೂ ಅವಳ ಕಣ್ಣು ಸ್ಟೂಲಿನ ಕಾಲುಗಳ ಮೇಲೇ ಇತ್ತು.

ಈ ನೋಟ್‌ಬುಕ್ಕು ನನ್ನ ಮಗಳು ಹಿದಾಯಾ ಶಾಲೆಗೆ ಹೋಗುವಾಗಿನದು. ಮೊದಲ ನಾಲ್ಕು ಹಾಳೆ ಭೂಗೋಳ, ಉಳಿದದ್ದು ಖಾಲಿ. ಅವಳು ಮದುವೆಯಾಗಿ ದೂರದ ಮ್ವಾಂಜಾ ಊರು ಸೇರಿದಳು. ಈ ಹೊಸ ಬಡಾವಣೆಯಲ್ಲಿ ನನಗೆ ಬಯ್ಯೋಕೂ ಒಬ್ಬರಿಲ್ಲ. ಇದರಲ್ಲೇ ಬಯ್ತೀನಿ.

ಹತ್ತೊಂಬತ್ತು ವರ್ಷ ಊರೊಳಗಿನ ಗೆರೆಜಾನಿಯಲ್ಲಿ, ವೆಲ್ಡಿಂಗ್, ರಿಪೇರಿ ಶೆಡ್ಡುಗಳ ನಡುವೆ, ಅನ್ನ ಮಾರೋ ನನ್ನ ಒಲೆ ಮುಂದೆ, ನನ್ನ ಕೋಣೆ ಹಿಂದೆ. ಹಾಸಿಗೆಯಿಂದ ಎದ್ದು ಹತ್ತು ಹೆಜ್ಜೆ ಇಟ್ಟರೆ ಬೇವಿನ ಮರದ ಕೆಳಗೆ ನನ್ನ ಸ್ಟೂಲು. ಅಲ್ಲಿ ಕೂತರೆ ಸಂಜೆಗೇ ಏಳೋದು. ಹಿಂದಿನ ರಸ್ತೆ ಅಗಲ ಮಾಡಿದಾಗ ಕೋಣೆ ಹೋಯ್ತು, ಒಲೆ ಉಳೀತು. ಕೋಣೆ ಕಳ್ಕೊಂಡವರಿಗೆಲ್ಲ ಊರಾಚೆ ಮ್ವೆಂಬೆನಿಯಲ್ಲಿ ಮನೆ ಕೊಟ್ಟರು. ವೇಗದ ಬಸ್ಸಿಗೋಸ್ಕರವೇ ಕಟ್ಟಿರೋ ಬಡಾವಣೆಯಂತೆ ಇದು. ನಿಲ್ದಾಣ ಕೆಳಗೆ, ಮನೆಗಳು ಗುಡ್ಡದ ಮೇಲೆ, ನಡುವೆ ಕಾಲುದಾರಿ, ಮೆಟ್ಟಿಲು, ಅಂಗಡಿ ಸಾಲು. ಒಳಗೆ ಕಾರಿಗೆ ಜಾಗ ಇಲ್ಲ, ಬೈಕಿಗೂ ಇಲ್ಲ, ಗೇಟಿಗೆ ಸರಪಳಿ ಬೇರೆ. ನಂದು ಮೂರನೇ ಮಹಡಿ. ಬೀಗದ ಕೈ ಕೊಟ್ಟ ದಿನ ಆಫೀಸಿನವನು, "ಅಮ್ಮಾ, ಇಲ್ಲಿ ಎಲ್ಲಾ ನಡೆದು ಹೋಗೋ ದೂರದಲ್ಲೇ ಇದೆ" ಅಂತ ಹಲ್ಲು ಬಿಟ್ಟ. ಯಾರು ನಡೆಯೋ ದೂರ ಅಂತ ಕೇಳಬೇಕಿತ್ತು, ಆಗ ತೋಚಲಿಲ್ಲ.

ನನ್ನಂಥವಳು ನಡೆಯೋದು ಅಂದರೇನು? ಮಾರ್ಕೆಟ್ಟಿಗೂ ಬೈಕಿನ ಹಿಂದೆ ಕೂತು ಹೋಗ್ತಿದ್ದವಳು ನಾನು. ಟೈರು ಅರ್ಧ ಕೂತುಬಿಡೋದು. ಶೆಡ್ಡಿನ ಹುಡುಗರೆಲ್ಲ, "ನೋಡ್ರೋ, ಹಿದಾಯಾ ಅಮ್ಮನ ಕೈ ಅಡುಗೆ ಉಂಡರೆ ಹಿಂಗಾಗಬಹುದು" ಅನ್ನೋರು. ಅನ್ನ ಮಾರೋಳಿಗೆ ಮೈಯೇ ಬೋರ್ಡು. ಕಡ್ಡಿಯಂಥ ಅಡುಗೆಯವಳ ಹತ್ತಿರ ಗೆರೆಜಾನಿಯಲ್ಲಿ ಒಬ್ಬನೂ ತಟ್ಟೆ ಚಾಚಲ್ಲ.

ಜೂನ್ 11, ಮಂಗಳವಾರ

ಐದು ಕಡೆ. ತೊಡೆ ಹಿಡ್ಕೊಂಡಿದೆ. ಬರೆಯೋಕೆ ಕೈಯೂ ಏಳ್ತಿಲ್ಲ.

ಜೂನ್ 19, ಬುಧವಾರ

ಇವತ್ತೂ ತಡ. ನಾನು ಹೋಗೋ ಹೊತ್ತಿಗೆ ತಾತು ಒಲೆ ಹಚ್ಚಿ, ಬೀನ್ಸ್ ಬೇಯೋಕೆ ಇಟ್ಟು, ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ಹನ್ನೊಂದು ವರ್ಷದಿಂದ ನನ್ನ ಜೊತೆ ಪಾತ್ರೆ ತೊಳೆದು, ಸೊಪ್ಪು ಸೋಸಿ, ತಟ್ಟೆ ಇಡೋಳು. ಗಂಡ ಇಲ್ಲ, ಮಕ್ಕಳಿಲ್ಲ, ಬಾಯಿ ಮಾತ್ರ ಇದೆ.

"ಬಂದ್ರಾ ಮಹಾರಾಣಿ? ಬಸ್ಸು ತಳ್ಕೊಂಡು ಬಂದ್ರಾ?" ಅಂದಳು.

"ನೀನು ಆ ಗುಡ್ಡ ಇಳಿದು ನೋಡು, ಆಮೇಲೆ ಬಾಯಿ ಬಿಡು."

"ನಾನ್ಯಾಕೆ ಇಳೀಲಿ? ನನ್ನ ಕೋಣೆ ಇಲ್ಲೇ ಇದೆ, ದೇವರು ದೊಡ್ಡವನು."

ನಲವತ್ತಾರು ತಟ್ಟೆ ಹೋಯ್ತು. ಮೊದಲ ತಟ್ಟೆ ಎಂದಿನ ಹಾಗೆ ಕಿಹಿಯೊ ಯಜಮಾನರದು. ವೆಲ್ಡಿಂಗ್ ಶೆಡ್ಡಿನ ಯಜಮಾನರು ಅವರು. ನಾಲ್ಕು ವರ್ಷದ ಹಿಂದೆ ಹೆಂಡತಿ ತೀರ್ಕೊಂಡ ಮೇಲೆ ಎರಡು ಹೊತ್ತೂ ನನ್ನ ಹತ್ತಿರವೇ ಊಟ. ಮಾತು ಕಮ್ಮಿ. ಉಗಾಲಿ ಮುದ್ದೆಯನ್ನ ಮುರಿದು, ಸೊಪ್ಪಿಗೆ ಅದ್ದಿ, ಬಾಯಿಗಿಟ್ಟು ಒಮ್ಮೆ ತಲೆ ಆಡಿಸ್ತಾರೆ. ಆ ತಲೆ ಆಡಿತು ಅಂದರೆ ಉಪ್ಪು ಸರಿಯಾಗಿದೆ ಅಂತ ನನಗೆ ಗೊತ್ತಾಗುತ್ತೆ. ಅವರು ಕೂತ ಮೇಲೆ ಉಳಿದ ಶೆಡ್ಡುಗಳ ಹುಡುಗರು ಬರ್ತಾರೆ.

ಜುಲೈ 2, ಮಂಗಳವಾರ

ಮೂರು ಕಡೆ ಕೂತೆ. ಟೈಲರ್ ಅಂಗಡಿ ಮೆಟ್ಟಿಲಿಗೆ ನೀರು ಹಾಕಿದ್ದ ಹಾಳಾದವನು, ಅದಕ್ಕೆ ಅಲ್ಲಿ ಕೂರಲಿಲ್ಲ. ನಲ್ಲಿ ಹತ್ತಿರ ನಾಯಿ ಮಲಗಿತ್ತು.

ಸಂಜೆ ಮೂರನೇ ಮಹಡಿ ಹತ್ತಿದ ಮೇಲೆ ಉಪ್ಪು ತರೋದು ಮರೆತದ್ದು ನೆನಪಾಯ್ತು. ಮತ್ತೆ ಇಳಿದೆ, ಮತ್ತೆ ಹತ್ತಿದೆ. ಇದನ್ನ ಕಟ್ಟಿದವನ ಅಮ್ಮ ಇಲ್ಲಿ ಬಂದು ಇರಬೇಕು, ಆಗ ಬುದ್ಧಿ ಬರುತ್ತೆ.

ಜುಲೈ 15, ಸೋಮವಾರ

ಬಸ್ಸಿನವರು ಹೊತ್ತು ಬದಲಾಯಿಸಿದಂಗಿದೆ. ಮೊದಲು ನಾನು ಹೋಗೋ ಹೊತ್ತಿಗೆ ಎರಡು ಬಸ್ಸು ಹೊರಟೋಗಿರ್ತಿತ್ತು, ಈಗ ಮೊದಲನೇದೇ ಸಿಗ್ತಿದೆ. ಒಳ್ಳೇದಾಯ್ತು. ಹೇಳದೆ ಕೇಳದೆ ಬದಲಾಯಿಸ್ತಾರಲ್ಲ, ಒಂದು ಚೀಟಿ ಅಂಟಿಸೋಕೆ ಏನು ಕಷ್ಟ?

ತಾತುಗಿಂತ ಮುಂಚೆ ಹೋಗಿ ಒಲೆ ಹಚ್ಚಿದೆ. ಅವಳ ಮುಖ ನೋಡಬೇಕಿತ್ತು.

ಆಗಸ್ಟ್ 1, ಗುರುವಾರ

ಕಾಲುದಾರಿಯಲ್ಲಿ ಈಗಿನ ಹುಡುಗೀರು ನಡೆಯೋದು ನೋಡಿದರೆ ರೇಗುತ್ತೆ. ಮೂರು ಜನ ಅಡ್ಡಡ್ಡ ನಿಂತು, ಮೊಬೈಲ್ ನೋಡ್ಕೊಂಡು, ಹೆಜ್ಜೆ ಎಣಿಸ್ತಾ ಹೋಗ್ತಾರೆ. ಹಿಂದೆ ಬರೋರಿಗೆ ಕೆಲಸ ಇಲ್ವಾ? "ಸ್ವಲ್ಪ ಸರೀರಮ್ಮ" ಅಂದು ದಾಟಿ ಬಂದೆ. ಆಸ್ಪತ್ರೆಯಲ್ಲಿ ನೆಲ ಒರೆಸೋ ಕೆಲಸದ ಹುಡುಗಿ ಒಬ್ಬಳು ನನ್ನ ಹಿಂದೇನೇ ಬಂದಳು. "ಅಮ್ಮಾ, ನಿಮ್ಮ ಹಿಂದೆ ಬಂದರೆ ನಂಗೆ ಬಸ್ಸು ತಪ್ಪಲ್ಲ" ಅಂತಾಳೆ. ತಮಾಷೆ ಮಾಡ್ತಾಳೇನೋ, ಚೆನ್ನಾಗಿ ಬೈದೆ.

ಆಗಸ್ಟ್ 12, ಸೋಮವಾರ

ಈದ್. ಹೊಸ ಗೌನು ಹಾಕ್ಕೊಂಡರೆ ಎರಡೂ ಕಡೆ ಜೋಲು. ಒಳಗೆ ಇನ್ನೊಬ್ಬಳು ಹಿಡೀಬಹುದು! ಹಬ್ಬದ ದಿನ ಅಂತಲೂ ನೋಡದೆ ಕೆಳಗಿಳಿದು ಟೈಲರಿಗೆ ಉಗಿದೆ.

"ಅಮ್ಮಾ, ನೀವು ಅಳತೆಗೆ ಕೊಟ್ಟ ಹಳೇ ಗೌನು ಇಲ್ಲೇ ಇದೆ. ಟೇಪ್ ಹಿಡಿದು ನೋಡಿ" ಅಂದ.

ಹಿಡಿದೆ. ಅವನು ಸರಿಯಾಗೇ ಹೊಲಿದಿದ್ದ. ಹಾಗಾದರೆ ಹಳೇ ಗೌನೇ ಜಗ್ಗಿರಬೇಕು. ಇಲ್ಲಿನ ನೀರು ಗಡಸು, ಬಟ್ಟೆಯೆಲ್ಲ ಜಗ್ಗಿಬಿಡ್ತವೆ. ಎರಡು ಕಡೆ ಹಿಡಿಸಿ ಹೊಲಿಗೆ ಹಾಕಿಸ್ಕೊಂಡೆ. ಪಲಾವ್ ಮಾಡಿ ಗೆರೆಜಾನಿಗೆ ತಗೊಂಡು ಹೋಗಿ ತಾತುಗೂ ಕಿಹಿಯೊ ಯಜಮಾನರಿಗೂ ಕೊಟ್ಟೆ. ಹಬ್ಬಕ್ಕೆ ಖುಷಿ ಆಗೋದು ಬಿಟ್ಟು ಇಬ್ಬರೂ ನನ್ನನ್ನೇ ನೋಡ್ತಾ ನಿಂತರು. ಗೌನು ಅಷ್ಟು ಕೆಟ್ಟದಾಗಿ ಕಾಣ್ತಿತ್ತೋ ಏನೋ.

ಆಗಸ್ಟ್ 21, ಬುಧವಾರ

ಮಾನ ಹೋಯ್ತು.

ಮಧ್ಯಾಹ್ನ ಕಿಹಿಯೊ ಯಜಮಾನರು ಬೀನ್ಸ್ ಜಗೀತಾ ಇದ್ದವರು ತಟ್ಟಂತ ನಿಲ್ಲಿಸಿ, ಬಾಯಿಂದ ಏನೋ ತೆಗೆದು ಬೆಂಚಿನ ಮೇಲಿಟ್ಟರು. ನನ್ನ ಮದುವೆ ಉಂಗುರ! ಹಿದಾಯಾನ ಅಪ್ಪ ತೊಡಿಸಿದ್ದು, ಅವರು ಹೋದ ಮೇಲೂ ಬಿಚ್ಚಲಿಲ್ಲ. ಬಿಚ್ಚೋಕೆ ಬರ್ತಾನೇ ಇರಲಿಲ್ಲ, ಬೆರಳಲ್ಲಿ ಹೂತೋಗಿತ್ತು. ಹೊಸ ಸೋಪು ತಂದಿದ್ದೆ, ಅದರ ಜಾರಿಕೆಗೆ ಬಿದ್ದಿರಬೇಕು.

"ಅಯ್ಯೋ ಯಜಮಾನ್ರೇ, ಕ್ಷಮಿಸಿ, ಹಲ್ಲಿಗೆ ಏಟಾಯ್ತಾ?" ಅಂದೆ.

ಅವರು ನನ್ನ ಬೆರಳನ್ನೇ ತುಂಬ ಹೊತ್ತು ನೋಡಿದರು. ಆಮೇಲೆ ತಟ್ಟೆ ದೂಡಿ ಎದ್ದುಹೋದರು. ಅರ್ಧ ಮುದ್ದೆ ಹಾಗೇ ಇತ್ತು. ನಾಲ್ಕು ವರ್ಷದಲ್ಲಿ ಆ ಮನುಷ್ಯ ತಟ್ಟೆಯಲ್ಲಿ ಅಗುಳು ಬಿಟ್ಟದ್ದು ನಾನು ನೋಡಿಲ್ಲ. ಬೆಂಚಲ್ಲಿದ್ದ ಹುಡುಗರೂ ಒಬ್ಬೊಬ್ಬರೇ ಎದ್ದರು. ತಾತು ತಟ್ಟೆ ತೊಳೆಯೋ ಟಬ್ಬಿನ ಹತ್ತಿರ ಬೆನ್ನು ತಿರುಗಿಸಿ ಕೂತಿದ್ದಳು, ಒಂದು ಮಾತೂ ಆಡಲಿಲ್ಲ. ತಾತು ಮಾತಾಡಲಿಲ್ಲ ಅಂದರೆ ಎಂಥ ಅನಾಹುತ ಆಗಿದೆ ಅಂತ ಲೆಕ್ಕ ಹಾಕ್ಕೋಬಹುದು.

ಆಗಸ್ಟ್ 30, ಶುಕ್ರವಾರ

ಮೂವತ್ತೊಂದು ತಟ್ಟೆ. ಉಂಗುರವನ್ನ ದಾರಕ್ಕೆ ಕಟ್ಟಿ ಕೊರಳಿಗೆ ಹಾಕ್ಕೊಂಡಿದ್ದೀನಿ, ಎಲ್ಲರಿಗೂ ಕಾಣೋ ಹಾಗೆ. ಕಿಹಿಯೊ ಯಜಮಾನರು ಬಂದಿಲ್ಲ. ಒಂಬತ್ತು ದಿನ ಆಯ್ತು.

ಸೆಪ್ಟೆಂಬರ್ 6, ಶುಕ್ರವಾರ

ಇಪ್ಪತ್ತೆರಡು. ಹೊಸ ಪಾತ್ರೆ ತಂದೆ. ಬೆಂಚು ಉಜ್ಜಿದೆ. ಅನ್ನಕ್ಕೆ ಎರಡು ತೆಂಗಿನಕಾಯಿ ಹಾಲು ಜಾಸ್ತಿ ಹಾಕಿದೆ, ಮೀನಿನ ತುಂಡು ದೊಡ್ಡದು ಮಾಡಿದೆ. ಬಂದವರು ಒಳ್ಳೇ ಮಾತಾಡ್ತಾರೆ, ಅದೇ ಆಶ್ಚರ್ಯ. "ಚೆನ್ನಾಗಿದ್ದೀರಾ ಅಮ್ಮಾ? ನಿದ್ದೆ ಬರುತ್ತಾ? ಸ್ವಲ್ಪ ಕೂತ್ಕೊಳ್ಳಿ ಅಮ್ಮಾ" ಅಂತ ಕೇಳ್ತಾರೆ, ತಟ್ಟೆಯನ್ನ ತಾವೇ ತೊಳೆದಿಡ್ತಾರೆ, ಮಾರನೇ ದಿನ ಬರೋದೇ ಇಲ್ಲ. ಮೊದಲೆಲ್ಲ "ಏನಮ್ಮಾ, ಮೀನು ನೀನೇ ತಿಂದು ನಮಗೆ ಮುಳ್ಳು ಹಾಕಿದ್ಯಾ" ಅಂತ ರೇಗಿಸ್ತಿದ್ದ ಹುಡುಗರು ಇವರು. ಬೈದು ಹೋದವರಾದರೆ ವಾಪಸ್ ಕರೀಬಹುದು, ಇಷ್ಟು ಮರ್ಯಾದೆ ಕೊಟ್ಟು ಹೋಗೋರನ್ನ ಏನಂತ ಕರೆಯೋದು?

ಸೆಪ್ಟೆಂಬರ್ 11, ಬುಧವಾರ

ಅನ್ನ ಮಾರೋರಿಗೆ ಆರು ತಿಂಗಳಿಗೊಮ್ಮೆ ಆರೋಗ್ಯದ ಕಾರ್ಡು ಮಾಡಿಸ್ಬೇಕಲ್ಲ, ಅದಕ್ಕೆ ಕ್ಲಿನಿಕ್ಕಿಗೆ ಹೋದೆ. ರಕ್ತ, ಕಫ, ಎಲ್ಲ ತಗೊಂಡರು. ಎಲ್ಲ ಸರಿ ಇದೆ ಅಂತ ಮುದ್ರೆ ಒತ್ತಿದರು. ನರ್ಸು ಬಿ.ಪಿ. ನೋಡೋ ಪಟ್ಟಿ ಮೂರು ಸಲ ಸುತ್ತಿದಳು.

"ಏನು ಮಾಡ್ತಿದ್ದೀರಿ ಈಗೀಗ?" ಅಂದಳು.

"ಏನು ಮಾಡ್ಲಿ? ನಡೆದೂ ನಡೆದೂ ಸಾಯ್ತಿದ್ದೀನಿ."

"ಹಂಗೇ ಸಾಯ್ತಾ ಇರಿ. ಬಿ.ಪಿ. ಇಳಿದಿದೆ, ಸಕ್ಕರೆ ಇಳಿದಿದೆ. ಈ ಮಾತ್ರೆ ಅರ್ಧ ತಗೊಂಡರೆ ಸಾಕು."

ಆ ಮೆಷಿನ್ನು ಕೆಟ್ಟಿದೆ. ಹತ್ತು ವರ್ಷದಿಂದ ಇರೋ ಬಿ.ಪಿ. ಸುಮ್ಮಸುಮ್ಮನೆ ಇಳಿಯೋಕೆ ಅದೇನು ಜ್ವರವಾ? ಅದೂ ಇಷ್ಟು ಚಿಂತೆ ಇರೋವಾಗ. ಮಾತ್ರೆ ಅರ್ಧ ಮಾಡ್ಕೊಂಡೆ, ಉಳೀತದಲ್ಲ ಅಂತ.

ಸೆಪ್ಟೆಂಬರ್ 18, ಬುಧವಾರ

ಹದಿನಾಲ್ಕು.

ಈಗ ಅರ್ಥ ಆಗ್ತಿದೆ. ತಾತು.

ಇವತ್ತು ಸೊಪ್ಪು ತರೋಕೆ ಹೋಗಿ ಬೇಗ ಬಂದೆ. ಅವಳು ಒಲೆ ಬಿಟ್ಟು ಕಿಹಿಯೊ ಯಜಮಾನರ ಶೆಡ್ಡಿನ ಬಾಗಿಲಲ್ಲಿ ನಿಂತು ಪಿಸಪಿಸ ಅಂತಿದ್ದಳು. ಸುತ್ತ ಐದಾರು ಜನ, ಎಲ್ಲ ನನ್ನ ಹಳೇ ಗಿರಾಕಿಗಳೇ. ನನ್ನ ನೋಡಿದ್ದೇ ಎಲ್ಲರೂ ಒಂದೊಂದು ಕಡೆ ಹೊರಟರು.

"ಏನು ಮಾತು?" ಅಂದೆ.

"ಏನಿಲ್ಲಕ್ಕಾ. ಹಂಗೇ" ಅಂದಳು. ಕಣ್ಣು ನೆಲ ನೋಡ್ತಿತ್ತು.

ಈಗೀಗ ದಿನಾ ನನಗಿಂತ ಒಂದು ಗಂಟೆ ಮುಂಚೆ ಬರ್ತಾಳೆ. ದೊಡ್ಡ ಪಾತ್ರೆ ಎತ್ತೋಕೆ ಹೋದರೆ "ನೀನು ಬಿಡಕ್ಕಾ" ಅಂತ ಕಿತ್ಕೋತಾಳೆ. ಉಗಾಲಿ ತಿರುವೋ ಮರದ ಕೋಲೂ ಅವಳ ಕೈಯಲ್ಲೇ. ನೆನ್ನೆ ಏನಂದಳು ಗೊತ್ತಾ? "ಅಕ್ಕಾ, ಒಲೆ ನಾನು ನೋಡ್ಕೋತೀನಿ, ನೀನು ಸ್ವಲ್ಪ ದಿನ ಮನೇಲಿರು" ಅಂದಳು. ಆಹಾ! ನನ್ನ ಒಲೆ, ನನ್ನ ಬೇವಿನ ಮರ, ನನ್ನ ಜನ, ಇವಳು ನೋಡ್ಕೋತಾಳಂತೆ! ಉಂಗುರದ ಕಥೆಯನ್ನ ಶೆಡ್ಡು ಶೆಡ್ಡಿಗೂ ಹೇಳಿ, ನನ್ನ ಹೆಸರು ಕೆಡಿಸಿ, ನಾನು ಎದ್ದ ತಕ್ಷಣ ಅಲ್ಲಿ ಕೂರೋ ಯೋಚನೆ ಅವಳದು. ಹನ್ನೊಂದು ವರ್ಷ ಒಂದೇ ಪಾತ್ರೆಯಲ್ಲಿ ಉಂಡವಳು. ಕಳ್ಳಿ.

ಸೆಪ್ಟೆಂಬರ್ 26, ಗುರುವಾರ

ಸಂಜೆ ಹಿದಾಯಾ ಫೋನು. ಬಸುರಿ ಅವಳು, ಈಗ ಎಂಟು ತಿಂಗಳು ತುಂಬಿದೆ, ಕಾಲು ಊದಿದೆಯಂತೆ.

"ಅಮ್ಮಾ, ಎಲ್ಲಿ ಕೂತಿದ್ದೀಯ?" ಅಂದಳು.

"ಕೂತಿಲ್ಲ ಕಣೇ, ಮೆಟ್ಟಿಲು ಹತ್ತುತಾ ಇದ್ದೀನಿ."

"ಸುಳ್ಳು. ಏದುಸಿರಿನ ಸದ್ದೇ ಇಲ್ಲ."

"ಈ ಫೋನೇ ಸರಿ ಇಲ್ಲ. ನೀನು ಕಾಲು ಮೇಲಿಟ್ಟು ಮಲಕ್ಕೋ" ಅಂದು ಇಟ್ಟೆ. ಒಲೆ ವಿಷಯ ಹೇಳಲಿಲ್ಲ. ಅವಳ ಎದೆಗೆ ಇನ್ನೊಂದು ಭಾರ ಯಾಕೆ? ಹೆರಿಗೆ ಆಗೋವರೆಗೂ ಫೋನು ಗುಂಯ್ ಅಂದರೆ ಸಾಕು, ಕೈಲಿದ್ದ ಕೆಲಸ ಬಿಟ್ಟು ಎತ್ತುತೀನಿ.

ಅಕ್ಟೋಬರ್ 2, ಬುಧವಾರ

ಎಂಟು ತಟ್ಟೆ. ಮಾರ್ಕೆಟ್ ಕಮಿಟಿಯವನು ಬಂದು ಬೇವಿನ ಮರ ಸುತ್ತು ಹಾಕಿ ನೋಡಿ ಹೋದ. "ಅಮ್ಮಾ, ಇಲ್ಲಿ ಒಲೆ ಹಚ್ಚೋಕೆ ಹನ್ನೆರಡು ಜನ ಕಾಯ್ತಿದ್ದಾರೆ. ನೀವು ನಡೆಸೋದಾದರೆ ನಡೆಸಿ. ಇಲ್ಲ ಅಂದರೆ ತಿಂಗಳ ಕೊನೆಗೆ ಜಾಗ ಬೇರೆಯವರಿಗೆ" ಅಂದ. ಅವನೂ ಮೆತ್ತಗೇ ಹೇಳಿದ. ಎಲ್ಲರೂ ನನ್ನ ಹತ್ತಿರ ಯಾಕೆ ಮೆತ್ತಗೆ ಮಾತಾಡ್ತಾರೋ!

ಒಲೆ ಹೋದರೆ ದೂರದ ಕೊರೊಗ್ವೆಯಲ್ಲಿ ಅಣ್ಣನ ಮನೆಯೇ ಗತಿ. ಅಣ್ಣ ಬೇಡ ಅನ್ನಲ್ಲ. ಆದರೆ ಅತ್ತಿಗೆ ಅಡುಗೆಮನೆಯಲ್ಲಿ ಅತ್ತಿಗೆ ಹೇಳಿದಷ್ಟು ಉಪ್ಪು ಹಾಕ್ಕೊಂಡು, ಅತ್ತಿಗೆ ಬಡಿಸಿದಷ್ಟು ಉಂಡುಕೊಂಡು ಇರಬೇಕು. ಗಂಡ ಸತ್ತಾಗ ಹಾಗೆ ಇರಲ್ಲ ಅಂತಲೇ ಈ ಒಲೆ ಹಾಕಿದ್ದು. ಆಗ ಹಿದಾಯಾಗೆ ಮೂರು ವರ್ಷ.

ಗೆರೆಜಾನಿಯಲ್ಲೇ ಬಸ್ಸು ಹತ್ತಲಿಲ್ಲ. ಸಿಟ್ಟಿಗೆ ಮೂರು ನಿಲ್ದಾಣ ನಡೆದು ಆಮೇಲೆ ಹತ್ತಿದೆ. ನಡೆದರೆ ತಲೆ ಸ್ವಲ್ಪ ತಣ್ಣಗಾಗುತ್ತೆ.

ಅಕ್ಟೋಬರ್ 5, ಶನಿವಾರ

ಐದು ತಟ್ಟೆ. ಅದರಲ್ಲಿ ಒಂದು ನಂದು, ಒಂದು ತಾತುದು.

ಸೋಮವಾರ ತಾತುಗೆ ಹೇಳಿಬಿಡ್ತೀನಿ, ನಾಳೆಯಿಂದ ಬರಬೇಡ ಅಂತ. ಇರೋ ಸರಕು ತೀರೋವರೆಗೆ ಒಬ್ಬಳೇ ನಡೆಸಿ, ಪಾತ್ರೆ ಮಾರಿ, ಕೊರೊಗ್ವೆ ಬಸ್ಸು ಹತ್ತೋದು. ನನ್ನ ಜಾಗದಲ್ಲಿ ಯಾರು ಬೇಕಾದರೂ ಕೂರಲಿ, ಅವಳು ಮಾತ್ರ ಕೂರಬಾರದು. ಕಮಿಟಿಯವನಿಗೂ ಹೇಳಿ ಹೋಗ್ತೀನಿ.

ಇಷ್ಟು ಬರೆದು ಅತ್ತೆ. ಅಳಬೇಕು ಅನ್ನಿಸ್ತು, ಅತ್ತೆ.

ಅಕ್ಟೋಬರ್ 6, ಭಾನುವಾರ

ಆದದ್ದನ್ನ ಆದ ಹಾಗೇ ಬರೀತೀನಿ.

ಬೆಳಿಗ್ಗೆ ನಿಲ್ದಾಣದ ಹತ್ತಿರದ ಸಂತೆಗೆ ಇಳಿದಿದ್ದೆ, ಕೊನೇ ವಾರಕ್ಕೆ ಹತ್ತು ಕಿಲೋ ಅಕ್ಕಿ ಬೇಕಿತ್ತು. ಚೀಲ ಸೊಂಟಕ್ಕೆ ಇಟ್ಕೊಂಡು ಹಿಂದಿರುಗಿ ಮಸೀದಿ ಹತ್ತಿರ ಬಂದು ತಲೆ ಎತ್ತಿದೆ. ಮೇಲೆ ನಮ್ಮ ಬ್ಲಾಕಿನ ಮುಂದೆ ಚಾಪೆ ಹಾಸಿದೆ. ಚಾಪೆ ಮೇಲೆ ಗಂಡಸರು, ಕಸೂತಿ ಟೋಪಿ ಹಾಕ್ಕೊಂಡು, ತಲೆ ತಗ್ಗಿಸ್ಕೊಂಡು. ಪಕ್ಕದಲ್ಲಿ ಹೆಂಗಸರು ಖಂಗಾ ಬಟ್ಟೆಯನ್ನ ತಲೆ ತುಂಬ ಹೊದ್ದು ಕೂತಿದ್ದಾರೆ. ತಾತು ಕಣ್ಣು ಒರೆಸ್ಕೋತಿದ್ದಾಳೆ.

ನಮ್ಮ ಕಡೆ ಹೀಗೆ ಕೂರೋದು ಒಂದಕ್ಕೇ, ಸಾವಿಗೆ.

ಹಿದಾಯಾ ಅಂದ್ಕೊಂಡೆ. ಹೆರಿಗೆಯಲ್ಲಿ ಏನೋ ಆಗಿದೆ, ನನಗೆ ಫೋನಲ್ಲಿ ಹೇಳೋಕಾಗದೆ ತಾತುಗೆ ಹೇಳಿದ್ದಾರೆ, ಎಲ್ಲರೂ ಬಂದಿದ್ದಾರೆ ಅಂದ್ಕೊಂಡೆ. ಆಮೇಲೆ ನನಗೆ ಏನೂ ಗೊತ್ತಿಲ್ಲ. ಓಡಿದೆ. ಮಸೀದಿಯಿಂದ ನಲ್ಲಿವರೆಗೆ ಏರು, ನಲ್ಲಿಯಿಂದ ಮೇಲೆ ಮೆಟ್ಟಿಲು. ದಾರಿಯಲ್ಲಿ ಯಾರನ್ನೋ ದೂಡಿದೆ, ಅವರು ಬೈದರು. "ಯಾರು? ಯಾರು? ನನ್ನ ಮಗುವಾ?" ಅಂತ ಕೂಗ್ತಾನೇ ಹೋದೆ. ಚಾಪೆ ಮುಂದೆ ನಿಂತಾಗ ಎಲ್ಲರೂ ತಲೆ ಎತ್ತಿ ನನ್ನನ್ನ ನೋಡಿದರು. ಕಿಹಿಯೊ ಯಜಮಾನರು, ಅವರ ಶೆಡ್ಡಿನ ಏಳು ಜನ, ಟೈರಿನ ಅಂಗಡಿಯವರು, ಚಹಾ ಮಾರೋ ಮುದುಕಿ. ಇಡೀ ಗೆರೆಜಾನಿ ಕೂತಿತ್ತು.

"ಹೇಳ್ರೋ! ಹಿದಾಯಾಗೆ ಏನಾಯ್ತು?"

ಕಿಹಿಯೊ ಯಜಮಾನರು ನಿಧಾನಕ್ಕೆ ಎದ್ದರು. "ನೀನು ಓಡಿ ಬಂದ್ಯಾ?" ಅಂದರು.

"ಮಗಳಿಗೆ ಏನಾಯ್ತು ಅಂತ ಕೇಳ್ತಿದ್ದೀನಿ!"

"ಯಾರಿಗೂ ಏನೂ ಆಗಿಲ್ಲಕ್ಕಾ" ಅಂದಳು ತಾತು. "ನಿನ್ನ ನೋಡೋಕೆ ಬಂದಿದ್ದೀವಿ."

"ನನ್ನ ನೋಡೋಕೆ ಚಾಪೆ ಯಾಕೆ? ನಾನೇನು ಸತ್ತಿದ್ದೀನಾ?"

ಚಾಪೆ ಮಧ್ಯ ಅಕ್ಕಿ, ಸಕ್ಕರೆ, ಸೋಪು, ಹೊಸ ಹೊದಿಕೆ, ಕಾಲು ಕಟ್ಟಿದ ಎರಡು ಕೋಳಿ ಇತ್ತು. ಕಾಯಿಲೆಯವರ ಮನೆಗೆ ತರೋ ಸಾಮಾನೇ ಅವೆಲ್ಲ. ಆಗ ನನಗೆ ತಲೆಗೆ ಹತ್ತಿತು. ಕಾಯಿಲೆಯವಳು ನಾನು!

"ನೀನಾಗಿ ಹೇಳೋವರೆಗೆ ಕೇಳಬಾರದು ಅಂತ ಸುಮ್ಮನಿದ್ವಿ" ಅಂದಳು ತಾತು. "ದಿನಾ ಕರಗ್ತಾ ಇದ್ದೆ. ಕುತ್ತಿಗೆ ಹೋಯ್ತು, ಕೆನ್ನೆ ಹೋಯ್ತು. ಉಂಗುರ ಜಾರಿದ ದಿನ ಎಲ್ಲರಿಗೂ ಖಾತ್ರಿ ಆಯ್ತು. ಮೈ ಕರಗಿಸಿ ಸಾಯಿಸೋ ಆ ಕಾಯಿಲೆನೇ ಅಂತ."

"ಯಾವ ಕಾಯಿಲೆ? ಆರೋಗ್ಯದ ಕಾರ್ಡಿಗೆ ರಕ್ತ ಕೊಟ್ಟು ಬಂದಿದ್ದೀನಿ, ಮುದ್ರೆ ಒತ್ತಿದ್ದಾರೆ! ಅದಕ್ಕೇನಾ ನನ್ನ ಕೈ ಊಟ ಬಿಟ್ರಿ? ಅಂಟುತ್ತೆ ಅಂತನಾ?"

"ಅಂಟೋದಲ್ಲ" ಅಂದರು ಕಿಹಿಯೊ ಯಜಮಾನರು. ಅವರು ಒಂದೇ ಸಲ ಇಷ್ಟು ಮಾತಾಡಿದ್ದು ನಾನು ಕೇಳಿಲ್ಲ, ಇಲ್ಲೇ ಬರೆದಿಡ್ತೀನಿ. "ನಮ್ಮನೆಯೋಳೂ ಹಿಂಗೇ ಕರಗಿದ್ದು. ನಾನು ದಿನಾ ಹೋಗಿ ತಟ್ಟೆ ಮುಂದೆ ಕೂತ್ಕೋತಿದ್ದೆ. ಅವಳು ಏಳೋಕೆ ಆಗದಿದ್ರೂ ಎದ್ದು ಬಡಿಸೋಳು. ಒಂದಿನ ಒಲೆ ಮುಂದೇನೇ ಹೋದಳು. ನಾನು ತಟ್ಟೆ ಮುಂದೆ ಕೂರದೇ ಇದ್ದಿದ್ರೆ ಮಲಗ್ತಿದ್ದಳು ಅಂತ ಇವತ್ತಿಗೂ ಅನ್ಸುತ್ತೆ. ಅದಕ್ಕೆ ನಾನೇ ಎಲ್ಲರಿಗೂ ಹೇಳಿದ್ದು, ಯಾರೂ ಅಲ್ಲಿಗೆ ಊಟಕ್ಕೆ ಹೋಗಬೇಡಿ, ಗಿರಾಕಿ ಇಲ್ಲ ಅಂದರೆ ಅವಳು ಒಲೆ ಆರಿಸಿ ಮನೇಲಿ ಮಲಗ್ತಾಳೆ ಅಂತ. ಒಂದೂವರೆ ತಿಂಗಳಿಂದ ನಾನು ಬರೀ ಬ್ರೆಡ್ಡು ತಿಂತಿದ್ದೀನಿ."

ನನಗೆ ಸಿಟ್ಟು ಎಲ್ಲಿಂದ ಬಂತೋ! "ಅಯ್ಯೋ ನಿಮ್ಮ! ನನ್ನ ಉಳಿಸೋಕೆ ನನ್ನ ಹೊಟ್ಟೆ ಮೇಲೆ ಹೊಡೆದ್ರಾ? ನಾನು ಕೊರೊಗ್ವೆಗೆ ಗಂಟು ಕಟ್ಟಿ ಕೂತಿದ್ದೀನಿ! ಬಾಯಿ ಇರಲಿಲ್ವಾ ಒಬ್ಬರಿಗೂ ಕೇಳೋಕೆ?"

"ಹಂಗಾದ್ರೆ ಯಾಕೆ ಇಷ್ಟು ಸಣ್ಣ ಆದೆ?" ಅಂತ ಟೈರಿನ ಅಂಗಡಿಯವನು ಕೇಳಿದ.

"ನಾನೆಲ್ಲಿ ಸಣ್ಣ ಆಗಿದ್ದೀನಿ?"

ಹೆಂಗಸರು ಮುಖ ಮುಖ ನೋಡ್ಕೊಂಡರು. ಶೆಡ್ಡಿನ ದಪ್ಪನೆಯವನೊಬ್ಬ ಇನ್ನೂ ಏದುಸಿರು ಬಿಡ್ತಾ ಗೋಡೆಗೆ ಒರಗಿದ್ದ, ಅಂಗಿ ಪೂರ್ತಿ ಒದ್ದೆ. "ಅಮ್ಮಾ, ಈ ಗುಡ್ಡಾನ ನೀನು ದಿನಾ ಹತ್ತುತೀಯಾ?" ಅಂದ.

"ಮತ್ತೆ? ಹಾರಿ ಬರ್ಲಾ? ಬೈಕು ಒಳಗೆ ಬಿಡಲ್ಲ. ಬೆಳಿಗ್ಗೆ ಇಳೀಬೇಕು, ಸಂಜೆ ಹತ್ತಬೇಕು. ಮೇಲ್ಸೇತುವೆ ಬೇರೆ. ಮೂರು ಮಹಡಿ ಬೇರೆ. ಉಪ್ಪು ಮರೆತರೆ ಇನ್ನೊಂದು ಸಲ."

"ಹತ್ತು ಕಿಲೋ ಹೊತ್ಕೊಂಡು ಓಡಿ ಬಂದಳು" ಅಂತ 'ಅಯ್ಯಪ್ಪಾ' ಅನ್ನೋ ದನಿಯಲ್ಲಿ ಅಂದಳು ಚಹಾ ಮುದುಕಿ.

ಆಗ ನೋಡ್ಕೊಂಡೆ. ಅಕ್ಕಿ ಚೀಲ ಇನ್ನೂ ಸೊಂಟದ ಮೇಲೇ ಇತ್ತು. ಕೆಳಗಿಟ್ಟೆ. ಯಾರೋ ಒಬ್ಬರು ನಕ್ಕರು, ಆಮೇಲೆ ಎಲ್ಲರೂ. ಕಿಹಿಯೊ ಯಜಮಾನರು ಮಾತ್ರ ನಗಲಿಲ್ಲ. ಟೋಪಿ ತೆಗೆದು ಮುಖಕ್ಕೆ ಹಿಡ್ಕೊಂಡರು. ಅವರ ಭುಜ ಅಲುಗ್ತಿತ್ತು. ನಾನು ಬೇರೆ ಕಡೆ ನೋಡಿದೆ. ಟೋಪಿ ಮತ್ತೆ ತಲೆಗಿಟ್ಟು, "ನಾಳೆ ಊಟ ಇದೆಯಾ?" ಅಂದರು.

"ಇದೆ. ಆದರೆ ಒಂದೂವರೆ ತಿಂಗಳ ಬೈಗುಳ ಮೊದಲು, ಊಟ ಆಮೇಲೆ."

ಎರಡು ಕೋಳಿಯನ್ನೂ ಅಲ್ಲೇ ಕೊಯ್ದು ಸಾರು ಮಾಡಿದೆ. ಎಲ್ಲರೂ ಉಂಡರು.

ಅಕ್ಟೋಬರ್ 7, ಸೋಮವಾರ

ನಲವತ್ತೊಂಬತ್ತು ತಟ್ಟೆ. ಮೂರು ಗಂಟೆಗೆ ಪಾತ್ರೆ ಕೆರೆದಾಯ್ತು.

ಸಂಜೆ ಎಲ್ಲ ಹೋದ ಮೇಲೆ ತಾತುನ ಕೂರಿಸ್ಕೊಂಡೆ. ಸೆಪ್ಟೆಂಬರ್ ಹದಿನೆಂಟರದ್ದನ್ನ ಹರಿದು ಹಾಕೋಣ ಅಂತಿದ್ದೆ. ಹರೀಲಿಲ್ಲ. ಅವಳಿಗೆ ಓದೋಕೆ ಬರಲ್ಲ, ನಾನೇ ಜೋರಾಗಿ ಓದಿದೆ. ಹೆಸರು ಕೆಡಿಸಿದಳು ಅಂತ ಬರೆದದ್ದು, ಕಳ್ಳಿ ಅಂತ ಬರೆದದ್ದು, ಕೆಲಸದಿಂದ ತೆಗೆದು ಕಮಿಟಿಯವನಿಗೂ ಹೇಳ್ತೀನಿ ಅಂತ ಮೊನ್ನೆ ಬರೆದದ್ದು, ಒಂದೂ ಬಿಡದೆ ಓದಿದೆ. ಅವಳು ಬಾಂಡ್ಲಿ ಉಜ್ಜೋದು ನಿಲ್ಲಿಸಲಿಲ್ಲ.

"ಮುಗೀತಾ?" ಅಂದಳು.

"ಮುಗೀತು."

"ನಾನು ನಿಂಗೆ ಮಣ್ಣು ಮಾಡೋವಾಗ ಹೊದಿಸೋಕೆ ಬಿಳೀ ಬಟ್ಟೆ ತಂದಿಟ್ಟಿದ್ದೆ. ಪೆಟ್ಟಿಗೇಲಿದೆ. ಒಳ್ಳೇದೇ ತಂದೆ, ಏಳು ಗಜ. ದಪ್ಪ ಇದ್ದಾಗಿನ ಅಳತೆ."

ನೋಟ್‌ಬುಕ್ಕು ಮುಚ್ಚಿ ಕೆಳಗಿಟ್ಟೆ.

"ನೀನು ನನ್ನ ಕಳ್ಳಿ ಮಾಡ್ದೆ, ನಾನು ನಿನ್ನ ಸಾಯಿಸ್ದೆ. ಸಮ ಆಯ್ತು ಬಿಡಕ್ಕಾ" ಅಂದು ಬಾಂಡ್ಲಿ ಬೋರಲು ಹಾಕಿದಳು. "ನಾಳೆಗೆ ಈರುಳ್ಳಿ ಹೆಚ್ಚಬೇಕು. ಚಾಕು ಎಲ್ಲಿಟ್ಟೆ?"

ಇಬ್ಬರೂ ಕೂತು ಎರಡು ಬುಟ್ಟಿ ಈರುಳ್ಳಿ ಹೆಚ್ಚಿದ್ವಿ.